ಎಲ್ರಾಯ್ ಉಜ್ಜಿ ತೆಗೆದ ಮಣಿಗಳು

ದೊಡ್ಡ ಸರೋವರವೊಂದರ ದಡದ ಹೆರಾನ್ ಬೇ ಊರಿನಲ್ಲಿ ಈ ಕಥೆಯನ್ನು ಎರಡು ಬಗೆಯಲ್ಲಿ ಆರಂಭಿಸುತ್ತಾರೆ. ಹಡಗು ಕಟ್ಟುವ ಅಂಗಳದಲ್ಲಿ ದುಡಿದವರು ಎಲ್ರಾಯ್ ಡೆಗ್ನರನ ಕೈಗಳನ್ನು ಹೊಗಳುತ್ತ ಮೊದಲಿಡುತ್ತಾರೆ. ಅವನು ಬೆಸೆದ ಉಕ್ಕಿನ ಮೇಲೆ ಕಣ್ಣುಮುಚ್ಚಿ ಬೆರಳಾಡಿಸಿದರೆ ಒಂದು ತಗಡು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಯಿತೆಂದು ತಿಳಿಯುತ್ತಿರಲಿಲ್ಲವಂತೆ. ಮನೆಯಲ್ಲಿ ಬಿಯರ್ ಮಾಡುವವರು ಮಾತ್ರ ಅವನ ಒಂದು ಪ್ರಶ್ನೆಯಿಂದ ಆರಂಭಿಸುತ್ತಾರೆ. ನಾನು ಇದನ್ನು ಮುಖ್ಯವಾಗಿ ಮೂವರ ಬಾಯಿಂದ ಕೇಳಿದ್ದೇನೆ: ವಕೀಲ ಗಿಲ್ ಹೋಕ್ಸ್ಟ್ರಾ, ಶಾಲೆಯ ಬಸ್ಸು ಓಡಿಸುವ ಲವರ್ನ್ ಶೂಟ್, ಬಿಯರ್ ತಯಾರಿಸುವ ಬ್ರೂವರಿಯ ಒಡತಿ ಟ್ರೂಡಿ ಕೋರ್ಡೆಸ್. ಮೂವರ ಮಾತು ಕೂಡುವಲ್ಲಿ ಕೂಡಿಸಿದ್ದೇನೆ, ಕೂಡದಿರುವಲ್ಲಿ ಹಾಗೆಂದು ಹೇಳಿದ್ದೇನೆ. ಎಲ್ರಾಯ್ ತನ್ನ ಕಥೆಯನ್ನು ತಾನು ಹೇಳಲು ಒಪ್ಪಲಿಲ್ಲ. "ಅದ್ರಲ್ಲೇನಿದೆ? ಒಂದ್ಸಲ ತಪ್ಪಾಗಿ ಅಳೆದೆ, ಮತ್ತೆ ಅಳೆದೆ, ಅಷ್ಟೇ" ಎಂದು ಕೈಗವಸು ಹಾಕಿಕೊಂಡು ಒಳಗೆ ಹೋದನು.

ಅವನ ಪ್ರಶ್ನೆ ಇದು: "ಯಾರದಿದು?"

ಆಗಿನ್ನೂ ಮನೆಯ ಬಿಯರಿಗೆ ಬೇಕಾದ ದೊಡ್ಡ ಹಂಡೆ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಕಷಾಯವನ್ನು ಒಂದೇ ಸಲಕ್ಕೆ ಉಕ್ಕಿ ಚೆಲ್ಲದಂತೆ ಕುದಿಸಬೇಕಾದರೆ ಬ್ರೂವರಿಗಳ ಉಕ್ಕಿನ ಪೀಪಾಯಿಗಿಂತ ಒಳ್ಳೆಯ ಪಾತ್ರೆಯಿಲ್ಲ. ಅದರ ನೆತ್ತಿಯನ್ನು ದುಂಡಗೆ ಕತ್ತರಿಸಿ ತೆಗೆದು, ತಳದ ಬಳಿ ಒಂದು ನಲ್ಲಿ ಬೆಸೆದರೆ ಹಂಡೆ ಸಿದ್ಧ. ಹಿಡಿಕೆಗಳ ಬಳೆ ಮೊದಲೇ ಇರುತ್ತದೆ. ಊರಿನ ಬಿಯರ್ ಕೂಟದವರೆಲ್ಲ ಈ ಕೆಲಸಕ್ಕೆ ಎಲ್ರಾಯ್‌ನ ಗ್ಯಾರೇಜಿಗೆ ಬರುತ್ತಿದ್ದರು.

ಅವನು ಕತ್ತರಿಸುವುದನ್ನು ನೋಡಿದವರು ಈಗಲೂ ಆ ನೋಟವನ್ನು ಚಪ್ಪರಿಸಿ ಹೇಳುತ್ತಾರೆ. ಮೊದಲು ಒಳಗಿನ ಒತ್ತಡವನ್ನು ಉಸ್ಸೆಂದು ಬಿಡುತ್ತಿದ್ದನು. ಅದು ಪೂರ್ತಿ ಹೋಯಿತೆಂದು ಎರಡು ಸಲ ನೋಡಿಕೊಂಡ ಮೇಲೆಯೇ ನಡುವಿನ ಕೊಳವೆಯನ್ನು ಕಳಚುತ್ತಿದ್ದನು. "ಇದನ್ನ ಮರ್ತವನ ಹಲ್ಲು ಚಾವಣೀಲಿ ಹುಡುಕ್ಬೇಕಾಗುತ್ತೆ" ಎಂಬುದು ಅವನ ಎಚ್ಚರಿಕೆ. ಬಳಿಕ ತಾನೇ ಮಾಡಿಕೊಂಡ ತಿರುಗುಪೀಠದ ಮೇಲೆ ಪೀಪಾಯಿಯನ್ನು ನಿಲ್ಲಿಸಿ, ಕತ್ತರಿಸುವ ಯಂತ್ರವನ್ನು ಅಲುಗಿಸದೆ, ಪೀಪಾಯಿಯನ್ನೇ ಮೆಲ್ಲಗೆ ತಿರುಗಿಸುತ್ತಿದ್ದನು. ಕಡೆಗೆ ನೆತ್ತಿಯ ಬಿಲ್ಲೆ ಅವನ ಅಂಗೈಗೆ ತಾನಾಗಿ ಬಂದು ಕೂರುತ್ತಿತ್ತು. ನಲ್ಲಿ ಬೆಸೆಯುವಾಗ ಹೊರಗಿನಂತೆ ಒಳಗೂ ಆರ್ಗಾನ್ ಅನಿಲ ಹಾಯಿಸುತ್ತಿದ್ದನು. ಹಾಗೆ ಮಾಡದಿದ್ದರೆ ಒಳಮೈ ಸುಟ್ಟು ಕರಿಸಕ್ಕರೆಯಂತೆ ಗಂಟುಗಟ್ಟುತ್ತದೆ, ಗಂಟಿನಲ್ಲಿ ಕೊಳೆ ಕೂರುತ್ತದೆ, ಬಿಯರು ಹುಳಿಯುತ್ತದೆ. ಕೊನೆಯಲ್ಲಿ ಹಿಡಿಕೆಯ ಕೆಳಗೆ ಸಾಲಾಗಿ ಮೂರು ಬೆಸುಗೆಯ ಮಣಿ ಇಡುತ್ತಿದ್ದನು, ಸಾಸಿವೆಗಿಂತ ಸ್ವಲ್ಪ ದೊಡ್ಡವು. ಆ ಮಣಿಗಳಿದ್ದರೆ ಹಂಡೆ ಸೋರುವುದಿಲ್ಲ ಎಂದಷ್ಟೇ ಅರ್ಥವಲ್ಲ. ಒಡೆಯನ ಒಪ್ಪಿಗೆಯಿಂದ ಕತ್ತರಿಸಿದ್ದು ಎಂದೂ ಅರ್ಥ. ಸರೋವರದ ದಡದುದ್ದಕ್ಕೂ ಬಿಯರ್ ಕೂಟಗಳವರು ಹಂಡೆ ಕೊಳ್ಳುವಾಗ ಬಗ್ಗಿ ಹಿಡಿಕೆಯ ಕೆಳಗೆ ಬೆರಳಾಡಿಸುತ್ತಿದ್ದರು.

ಗಿಲ್ ಹೋಕ್ಸ್ಟ್ರಾ ಮೊದಲ ಸಲ ಹೋದಾಗ ಆದದ್ದನ್ನು ಅವನೇ ನಗುತ್ತ ಹೇಳುತ್ತಾನೆ. ಪೀಪಾಯಿಯನ್ನು ನೆಲಕ್ಕಿಳಿಸಿ ಇನ್ನೂ ಬೆನ್ನು ನೆಟ್ಟಗೆ ಮಾಡಿರಲಿಲ್ಲ.

"ಯಾರದಿದು?"

"ನಂದೇ. ತಮ್ಮನ ಮದುವೇಲಿ ತಂದಿದ್ದು."

"ಕೊಂಡಿದ್ದೋ, ತಂದಿದ್ದೋ?"

"ಡಿಪಾಸಿಟ್ ಕಟ್ಟಿದ್ದೀನಿ ಮಾರಾಯ. ಅದನ್ನ ವಾಪಸ್ ಕೇಳಿಲ್ಲ. ಅಂದ್ಮೇಲೆ ಕೊಂಡ ಹಾಗೇ ಅಲ್ವಾ?"

ಎಲ್ರಾಯ್ ಒಂದು ಬಟ್ಟೆಯಿಂದ ಪೀಪಾಯಿಯ ಭುಜವನ್ನು ಒರೆಸಿದನು. ಉಕ್ಕಿನಲ್ಲಿ ಒತ್ತಿದ ಅಕ್ಷರಗಳು ಹೊಳೆದವು. "ಓದಪ್ಪ, ವಕೀಲ."

ಗಿಲ್ ಓದಿದನು. ಇಂಥ ಬ್ರೂವರಿಯ ಸ್ವತ್ತು ಎಂದಿತ್ತು.

"ನಿಮ್ಮಪ್ಪ ತೀರ್ಕೊಂಡಾಗ ಚರ್ಚಿನ ನೆಲಮಾಳಿಗೇಲಿ ಊಟ ಆಯ್ತಲ್ಲ. ಲವರ್ನ್ ಆಲೂಗಡ್ಡೆ-ಚೀಸು ಬೇಯಿಸ್ಕೊಂಡು ತಂದಿದ್ಲು. ಪಾತ್ರೆ ತಳದಲ್ಲಿ ಟೇಪ್ ಹಚ್ಚಿ ಹೆಸರು ಬರ್ದಿದ್ಲು, ನೆನಪಿದ್ಯಾ?"

"ಇದೆ. ಉಪ್ಪು ಜಾಸ್ತಿ ಆಗಿತ್ತು."

"ಪಾತ್ರೆ ಏನ್ ಮಾಡ್ದೆ?"

"ತೊಳ್ದು ವಾಪಸ್ ಕೊಟ್ಟೆ."

"ಯಾಕೆ? ನಿನ್ ಮನೇಲೇ ಇತ್ತು, ಅವ್ಳೂ ಕೇಳಿರ್ಲಿಲ್ಲ. ತಳಕ್ಕೊಂದು ತೂತು ಕೊರ್ದು ನಲ್ಲಿ ಹಾಕ್ಕೋಬಹುದಿತ್ತು."

"ಲವರ್ನ್ ನನ್ನ ತಲೆಗೇ ನಲ್ಲಿ ಹಾಕ್ತಿದ್ಲು!"

"ಅಂದ್ರೆ, ಈ ಬ್ರೂವರಿಯವ್ರು ದೂರದಲ್ಲಿದ್ದಾರೆ, ಅವ್ರ ಕೈ ನಿನ್ನ ತಲೇಗೆ ಎಟುಕಲ್ಲ ಅಂತ ಧೈರ್ಯ. ಕಾನೂನು ಓದಿದವನು ನೀನು. ಎತ್ಕೋ ನಿನ್ನ ಪೀಪಾಯಿ."

ಗಿಲ್ ಅದನ್ನು ಮರಳಿಸಿದನು. ಎಲ್ರಾಯ್ ಹೇಳಿಕೊಟ್ಟಂತೆ ಒಂದು ಬ್ರೂವರಿಗೆ ಫೋನು ಮಾಡಿ, ನೆಗ್ಗಿಹೋಗಿ ಬಳಕೆಯಿಂದ ತೆಗೆದಿಟ್ಟ ಪೀಪಾಯಿಯೊಂದನ್ನು ಕೇಳಿದನು. ಹಾಗೆ ಕೇಳಿದರೆ ಕೆಲವರು ಬೈಯುತ್ತಾರೆ, ಕೆಲವರು ಕೊಡುತ್ತಾರೆ. ಅವನಿಗೆ ಕೊಟ್ಟರು. ಎಲ್ರಾಯ್ ಆ ಬ್ರೂವರಿಗೆ ತಾನೂ ಒಮ್ಮೆ ಫೋನು ಮಾಡಿ, ಹೌದೆಂದು ಒಡೆಯನ ಬಾಯಿಂದಲೇ ಕೇಳಿಕೊಂಡು, ಬಳಿಕ ಕತ್ತರಿಸಿದನು. ಗಿಲ್ ಇಂದಿಗೂ ಅದರಲ್ಲೇ ಕುದಿಸುತ್ತಾನೆ.

ಇಷ್ಟು ಕಟ್ಟುನಿಟ್ಟಿನ ಮನುಷ್ಯ ಎಡವಿದ್ದು ಊರಿನ ಸ್ವಂತ ಬ್ರೂವರಿಯ ಪೀಪಾಯಿಗಳ ವಿಷಯದಲ್ಲಿ.

ಕೋರ್ಡೆಸ್ ಬ್ರೂವರಿ ಹೆರಾನ್ ಬೇಯ ಕೆಂಪಿಟ್ಟಿಗೆಯ ಕಟ್ಟಡ. ಮುದುಕ ಕೋರ್ಡೆಸ್ ಒಂದು ಚಳಿಗಾಲದಲ್ಲಿ ಹಠಾತ್ತನೆ ತೀರಿಕೊಂಡಾಗ ಅದು ಮುಚ್ಚಿತು. ಮಗಳು ದೂರದ ಅರಿಜೋನಾದಲ್ಲಿದ್ದಳು. ಬಂದು ಮಣ್ಣು ಮಾಡಿ, ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಫೋರ್‌ಮನ್ ಆಝೀ ಕ್ನಾಕನಿಗೆ ಕೊಟ್ಟು ಹೋದಳು. ಅಂಗಳದಲ್ಲಿ ಖಾಲಿ ಪೀಪಾಯಿಗಳು ಹಿಮದಲ್ಲಿ ಹೂತುಕೊಂಡು ಬಿದ್ದಿದ್ದವು. ಆಝೀಗೆ ಅದನ್ನು ನೋಡಲಾಗಲಿಲ್ಲ. "ಕಳ್ರು ಹೊತ್ಕೊಂಡು ಗುಜರಿಗೆ ಹಾಕೋ ಬದ್ಲು ಊರವ್ರೇ ತಗೊಳ್ಳಿ. ಯಜಮಾನ್ರು ಇದ್ದಿದ್ರೂ ಇದನ್ನೇ ಹೇಳ್ತಿದ್ರು" ಎಂದು ಕೇಳಿದವರಿಗೆಲ್ಲ ಕೊಟ್ಟನು. ಆಝೀ ತನಗಾಗಿ ಒಂದನ್ನೂ ಇಟ್ಟುಕೊಳ್ಳಲಿಲ್ಲವೆಂಬುದನ್ನು ಮೂವರೂ ಒತ್ತಿ ಹೇಳಿದ್ದಾರೆ.

ಅವುಗಳಲ್ಲಿ ಅನೇಕವು ಎಲ್ರಾಯ್‌ನ ಗ್ಯಾರೇಜಿಗೆ ಬಂದವು. ಅವನು ಎಂದಿನಂತೆ ಕೇಳಿದನು. ಬಂದವರು "ಆಝೀ ಕೊಟ್ಟ" ಎಂದರು. ಎಲ್ರಾಯ್ ಆಝೀಯನ್ನೂ ಕೇಳಿದನು, ಅವನು ಹೌದೆಂದನು. ಊರಿನ ಪ್ರತಿ ಮದುವೆಗೆ, ಪ್ರತಿ ಶುಕ್ರವಾರದ ಮೀನೂಟಕ್ಕೆ ಕೋರ್ಡೆಸ್ ಪೀಪಾಯಿಯನ್ನು ಲಾರಿಯಿಂದ ಇಳಿಸಿಕೊಟ್ಟವನು ಆಝೀಯೇ, ಖಾಲಿಯನ್ನು ಮರಳಿ ಒಯ್ದವನೂ ಅವನೇ. ಊರಿನ ಕಣ್ಣಿಗೆ ಬ್ರೂವರಿಯೆಂದರೆ ಆಝೀ. ಎಲ್ರಾಯ್ ಕತ್ತರಿಸಿದನು, ಬೆಸೆದನು, ಮೂರು ಮಣಿ ಇಟ್ಟನು.

ವರ್ಷಗಳು ಕಳೆದು, ಆಝೀ ತೀರಿಕೊಂಡ ಮೇಲೆ, ಒಂದು ವಸಂತದಲ್ಲಿ ಮುದುಕನ ಮೊಮ್ಮಗಳು ಟ್ರೂಡಿ ಬಂದು ಬೀಗ ತೆಗೆದಳು. ಬ್ರೂವರಿಯನ್ನು ಮತ್ತೆ ನಡೆಸುವುದೆಂದು ಅವಳ ಸಂಕಲ್ಪ. ಕುದಿಸುವ ತೊಟ್ಟಿ ಬಂದಿತು, ಪರವಾನಗಿ ಬಂದಿತು. ದಡದುದ್ದಕ್ಕಿರುವ ಮದ್ಯದಂಗಡಿಗಳವರು, ಆಗಸ್ಟಿನ ಬಂದರು ಹಬ್ಬದ ಹೊತ್ತಿಗೆ ಬಿಯರು ಬಾಗಿಲಿಗೆ ತಂದರೆ ತಮ್ಮ ಬಿಯರ್ ನಲ್ಲಿಗಳಲ್ಲಿ ಒಂದನ್ನು ಅವಳಿಗೆಂದು ಬಿಡುವುದಾಗಿ ಮಾತು ಕೊಟ್ಟರು. ಆ ನಲ್ಲಿಗಳು ಬೇಸಿಗೆಗೆ ತಪ್ಪಿದರೆ ಬೇರೆಯವರ ಪಾಲಾಗುತ್ತವೆ, ಮತ್ತೆ ಸಿಗುವುದಿಲ್ಲ. ಆದರೆ ತೊಟ್ಟಿಯ ಬಿಯರು ಅಂಗಡಿಗೆ ನಡೆದು ಹೋಗುವುದಿಲ್ಲವಲ್ಲ. ಅಜ್ಜನ ಪೀಪಾಯಿಗಳಿವೆಯೆಂಬ ಒಂದೇ ನಂಬಿಕೆಯ ಮೇಲೆ ಅವಳು ಉಳಿದೆಲ್ಲವನ್ನೂ ಹೂಡಿದ್ದಳು. ಅಂಗಳದಲ್ಲಿ ಹುಲ್ಲು ಮಾತ್ರ ಇತ್ತು.

ಪೀಪಾಯಿಯ ಸುದ್ದಿ ಯಾರಿಗೆ ಗೊತ್ತೆಂದು ಕೇಳಿದಾಗ ಎಲ್ಲರೂ ಎಲ್ರಾಯ್‌ನನ್ನೇ ತೋರಿಸಿದರು. ಅವಳು ಗ್ಯಾರೇಜಿಗೆ ಹೋದಾಗ ಅವನು ಲವರ್ನಳ ಹಂಡೆಯ ನಲ್ಲಿಯನ್ನು ಬಿಗಿ ಮಾಡುತ್ತಿದ್ದನು. ಟ್ರೂಡಿ ಮಾತಾಡಲು ಬಾಯಿ ತೆರೆದವಳು ಹಂಡೆಯ ಭುಜವನ್ನು ನೋಡಿ ನಿಂತಳು. ನೆತ್ತಿ ಹೋದರೂ ಭುಜದ ಅಕ್ಷರ ಉಳಿದಿತ್ತು: ಕೋರ್ಡೆಸ್ ಬ್ರೂವರಿಯ ಸ್ವತ್ತು.

"ಡೆಗ್ನರ್ ಅವ್ರೇ, ಇದು ನಮ್ಮ ತಾತಂದು."

"ಹೌದಮ್ಮ. ಆಝೀ ಕೊಟ್ಟಿದ್ದು."

"ಆಝೀ ಒಳ್ಳೆಯವ್ರು. ನಂಗೆ ಮೀನು ಹಿಡಿಯೋದು ಕಲಿಸಿದ್ರು. ಆದ್ರೆ ಪೀಪಾಯಿ ಅಮ್ಮಂದಲ್ವಾ? ಅಮ್ಮನ್ನ ಯಾರೂ ಕೇಳ್ಲಿಲ್ಲ."

ಎಲ್ರಾಯ್ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟನು. ಅವಳು ಬೈಯಲು ಬಂದಿರಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತೇನೋ ಎಂದು ಅವಳು ನನ್ನೊಡನೆ ಹೇಳಿದಳು.

"ನಿಮ್ಮಮ್ಮ ಎಲ್ಲಿದ್ದಾರೆ ಅಂತ ಊರಿಗೆಲ್ಲ ಗೊತ್ತಿತ್ತು," ಎಂದನು ಅವನು. "ಒಂದು ಫೋನು ಮಾಡ್ಬಹುದಿತ್ತು. ಬೇರೆ ಬ್ರೂವರಿಗೆಲ್ಲ ಮಾಡ್ತಿದ್ದೆ. ಇದು ನಮ್ಮದೇ ಊರಿಂದು ಅಂತ ಮಾಡ್ಲಿಲ್ಲ. ಇಳಿಸ್ಕೊಟ್ಟ ಕೈನೇ ಒಡೆಯ ಅನ್ಕೊಂಡ್ಬಿಟ್ಟೆ."

"ಇಂಥವು ಎಷ್ಟಿವೆ?"

"ನಾನು ಕತ್ತರಿಸಿದ್ದು ಎಲ್ಲೆಲ್ಲಿದೆ ಅಂತ ನಂಗೆ ಗೊತ್ತು. ಹಬ್ಬದ ಹೊತ್ತಿಗೆ ನಿನಗೆ ಪೀಪಾಯಿ ಬೇಕು, ಅಲ್ವಾ?"

"ಬೇಕು. ಇಲ್ದಿದ್ರೆ ಬಿಯರನ್ನ ಸರೋವರಕ್ಕೆ ಚೆಲ್ಲಿ ಅರಿಜೋನಾಗೆ ಹೋಗ್ತೀನಿ."

ಆ ಗುರುವಾರ ಬೌಲಿಂಗ್ ಆಟದ ಮನೆಯ ಹಿಂಗೋಣೆಯಲ್ಲಿ ಬಿಯರ್ ಕೂಟ ಸೇರಿತು. ಸಾಮಾನ್ಯವಾಗಿ ಅಲ್ಲಿ ಮಾತಿಗಿಂತ ಇಸ್ಪೀಟು ಹೆಚ್ಚು. ಅಂದು ಎಲ್ರಾಯ್ ಎದ್ದು ನಿಂತು ನಡೆದದ್ದನ್ನು ಹೇಳಿದಾಗ ಎಲೆಗಳು ಮೇಜಿನ ಮೇಲೆ ಮಗುಚಿಕೊಂಡವು.

ಗಿಲ್ ಕಾನೂನಿನ ಮಾತನ್ನು ಮೊದಲು ತೆಗೆದನು. "ನೋಡಿ, ಯಾರೂ ಹೆದರ್ಬೇಡಿ. ಕೊಟ್ಟವನಿಗೆ ಕೊಡೋ ಹಕ್ಕಿರ್ಲಿಲ್ಲ, ಸರಿ. ಹಕ್ಕಿಲ್ಲದವನಿಂದ ತಗೊಂಡ್ರೆ ನಮಗೂ ಹಕ್ಕು ಬರಲ್ಲ, ಅದೂ ಸರಿ. ಆದ್ರೆ ದಾವೆ ಹಾಕೋಕೆ ಒಂದು ಕಾಲಮಿತಿ ಇದೆ, ಅದು ಯಾವಾಗ್ಲೋ ದಾಟಿದೆ. ಅವಳು ಕೋರ್ಟಿಗೆ ಹೋದ್ರೂ ಏನೂ ಸಿಗಲ್ಲ. ಹೋಗೋವಳೂ ಅಲ್ಲ."

"ಒಳ್ಳೇದು," ಎಂದನು ಎಲ್ರಾಯ್. "ಅಂದ್ರೆ ನಮ್ಮನ್ನ ಯಾರೂ ಬಲವಂತ ಮಾಡಲ್ಲ. ಏನು ಮಾಡ್ಬೇಕು ಅಂತ ನಾವೇ ಯೋಚಿಸ್ಬಹುದು."

"ಹೋದ ನೆತ್ತೀನ ಮತ್ತೆ ಬೆಸೆದು ಕೊಟ್ಬಿಡು ಮಾರಾಯ," ಎಂದು ಹಿಂದಿನಿಂದ ಯಾರೋ ಕೂಗಿದರು. "ನಿನ್ನ ಬೆಸುಗೆ ಗೊತ್ತೇ ಆಗಲ್ಲ ಅಂತೀವಲ್ಲ."

"ಗೊತ್ತಾಗದೇ ಇರೋದೇ ತೊಂದ್ರೆ. ನೋಡೋಕೆ ಹೊಸಾದು, ಒತ್ತಡ ತುಂಬಿದ್ರೆ ಬಾಂಬು. ಯಾವ್ದೋ ಅಂಗಡೀಲಿ ಯಾವನೋ ಪಾಪದವನು ಅದರ ಮೇಲೆ ಬಗ್ಗಿರ್ತಾನೆ. ಒಂದ್ಸಲ ಕತ್ತರಿಸಿದ ಪೀಪಾಯಿ ಮತ್ತೆ ಪೀಪಾಯಿ ಆಗಲ್ಲ. ಅದು ಹಂಡೆಯಾಗೇ ಸಾಯ್ಬೇಕು."

"ಹಾಗಾದ್ರೆ ಏನ್ ಮಾಡೋಣ ಅಂತೀಯ?" ಲವರ್ನ್ ಕೇಳಿದಳು. "ನನ್ನ ಹಂಡೆ ಕಿತ್ಕೊಳ್ತೀಯಾ? ಈಗ್ಲೇ ಹೇಳಿಬಿಡ್ತೀನಿ, ನನ್ನ ಗಂಡನ್ನ ಬೇಕಾದ್ರೆ ತಗೊಂಡ್ಹೋಗು."

"ಹಂಡೆ ಅಲ್ಲಿರ್ಲಿ. ನನ್ನ ಮಣಿ ತಗೊಂಡು ಹೋಗ್ತೀನಿ."

ಮರುದಿನದಿಂದ ಅವನು ಕೈ ಗ್ರೈಂಡರನ್ನು ಟ್ರಕ್ಕಿನಲ್ಲಿಟ್ಟುಕೊಂಡು ಮನೆ ಮನೆಗೆ ಹೋದನು. ಕೋರ್ಡೆಸ್ ಹೆಸರಿನ ಪ್ರತಿ ಹಂಡೆಯ ಮುಂದೆ ಮಂಡಿಯೂರಿ, ಮನೆಯವರ ಅಪ್ಪಣೆ ಕೇಳಿ, ಮೂರು ಮಣಿಗಳನ್ನು ಉಜ್ಜಿ ತೆಗೆದನು. ಅಪ್ಪಣೆ ಕೊಡದವರ ಹಂಡೆಯನ್ನು ಮುಟ್ಟಲಿಲ್ಲ. ಅಂಥವರು ಇಬ್ಬರು ಎಂದು ಗಿಲ್, ಒಬ್ಬನೇ ಎಂದು ಲವರ್ನ್. ಲವರ್ನಳೇ ಹೆಚ್ಚು ಹೊತ್ತು ತಡೆದವಳು.

"ಮಣಿ ತೆಗೆದ್ರೆ ಹಂಡೆ ಸೋರುತ್ತಾ?"

"ಇಲ್ಲ."

"ಬಿಯರು ಕೆಡುತ್ತಾ?"

"ನೀನು ಮಾಡಿದ್ರೆ ಹೇಗೂ ಕೆಡುತ್ತೆ."

"ತಮಾಷೆ ಬೇಡ ಎಲ್ರಾಯ್. ಯಾರಿಗೂ ಕಾಣದ ಜಾಗದಲ್ಲಿ ಮೂರು ಚುಕ್ಕೆ. ಅದಿದ್ರೆ ನಿಂಗೇನು ಕಷ್ಟ?"

"ಅದು ಸುಳ್ಳು ಹೇಳ್ತಿದೆ, ಲವರ್ನ್. ನನ್ನ ಹೆಸರಲ್ಲಿ."

ಕಿಡಿ ಹಾರಿತು, ಹಿಡಿಕೆಯ ಕೆಳಗೆ ಬೆರಳಗಲದ ಬೋಳು ಜಾಗ ಉಳಿಯಿತು. ಆ ಶನಿವಾರ ಕುದಿಸಲೆಂದು ಮಾಲ್ಟು ಒಡೆದಿಟ್ಟಿದ್ದ ಲವರ್ನ್ ಒಲೆ ಹಚ್ಚಲಿಲ್ಲ. "ಆ ಬೋಳು ನನ್ನನ್ನೇ ನೋಡ್ತಿತ್ತು" ಎಂಬುದು ಅವಳ ವಿವರಣೆ. ಸೋಮವಾರ ಬಸ್ಸು ಹತ್ತಿದವಳು ಎಂದಿನ ದಾರಿಯನ್ನು ಬೇರೆ ಕಣ್ಣಿನಿಂದ ನೋಡಿದಳು. ಶಾಲೆಯ ಬಸ್ಸಿನ ಚಾಲಕರ ಆಸನ ಎತ್ತರ. ಊರಿನ ಪ್ರತಿ ಹಿತ್ತಲು, ಪ್ರತಿ ಬೇಲಿಯ ಆಚೆ ಕಾಣುತ್ತದೆ. ಒಂದು ಜಗುಲಿಯಲ್ಲಿ ಹೂಕುಂಡದ ಕೆಳಗೆ ಕೋರ್ಡೆಸ್ ಪೀಪಾಯಿ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನು ಹಿಡಿಯಲು ಒಯ್ಯುವ, ಈಗ ಹಿತ್ತಲಿಗೆ ಎಳೆದಿಟ್ಟ ಗುಡಿಸಲೊಂದರಲ್ಲಿ ಕೂರಲು ಕೋರ್ಡೆಸ್ ಪೀಪಾಯಿ. ಸರೋವರದ ದಡದಲ್ಲಿ ದೋಣಿಕಟ್ಟೆಗಳ ಹಲಗೆಯಡಿಯಲ್ಲಿ ತೇಲುಬುರುಡೆಯಾಗಿ ಕೋರ್ಡೆಸ್ ಪೀಪಾಯಿ. ಎಲ್ಲವೂ ಇಡಿಯಾದವು, ಯಾವುದರ ನೆತ್ತಿಯೂ ಹೋಗಿರಲಿಲ್ಲ.

ಕೂಟದವರು ಹುಡುಕಲು ಹೊರಟರು. ಕೇಳಿದ ತಕ್ಷಣ ಹೆಚ್ಚಿನವರು ಕೊಟ್ಟರು. ಕೆಲವರು ಮುಜುಗರದಿಂದ ಕತ್ತಲಾದ ಮೇಲೆ ತಾವೇ ತಂದು ಬ್ರೂವರಿಯ ಗೇಟಿನ ಬಳಿ ಇಟ್ಟುಹೋದರು. ಮಣಿದವರಲ್ಲಿ ಕೊನೆಯವಳು ಬೋನ್‌ಸ್ಯಾಕ್ ಅಜ್ಜಿ. ಅವಳ ದೋಣಿಕಟ್ಟೆ ಪೂರ್ತಿ ನಿಂತಿದ್ದುದೇ ಪೀಪಾಯಿಗಳ ಮೇಲೆ.

"ಇದು ನನ್ನ ದೋಣಿಕಟ್ಟೆ," ಎಂದಳು ಅಜ್ಜಿ.

"ಹೌದಜ್ಜಿ, ಕಟ್ಟೆ ನಿಮ್ಮದು. ಕೆಳಗಿರೋದು ಟ್ರೂಡಿದು," ಎಂದನು ಎಲ್ರಾಯ್.

"ಕೆಳಗಿರೋದು ತೆಗೆದ್ರೆ ಮೇಲಿರೋದು ನೀರಿಗೆ ಹೋಗುತ್ತೆ. ಅದ್ಯಾವ ನ್ಯಾಯ?"

"ಬೇರೆ ತೇಲುಬುರುಡೆ ಹಾಕಿ, ಆಮೇಲೆ ಇವನ್ನ ತೆಗೀತೀನಿ. ನಿಮ್ಮ ಕಾಲು ಒದ್ದೆ ಆಗಲ್ಲ."

"ನನ್ನ ಕಾಲು ಒದ್ದೆ ಆದ್ರೆ ನಾನು ಇಡೀ ಊರಿಗೆ ಕೇಳೋ ಹಾಗೆ ಕೂಗ್ತೀನಿ, ಹೇಳಿದ್ದೀನಿ."

"ಅದು ನಮಗೆಲ್ಲ ಗೊತ್ತಜ್ಜಿ."

ಜೂನ್ ತಿಂಗಳಲ್ಲೂ ಸರೋವರದ ನೀರು ಮೂಳೆ ಕೊರೆಯುತ್ತದೆ. ಎದೆಮಟ್ಟದ ನೀರಿನಲ್ಲಿ ನಿಂತು ಅವನು ಒಂದೊಂದಾಗಿ ಬದಲಿಸಿದನು. ಅಜ್ಜಿ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತು, ಪಾದರಕ್ಷೆ ಕಳಚಿ, ಉದ್ದಕ್ಕೂ ತನ್ನ ಕಾಲನ್ನೇ ನೋಡುತ್ತಿದ್ದಳಂತೆ.

ಹೀಗೆ ಬಂದ ಪೀಪಾಯಿಗಳ ಕವಾಟಗಳನ್ನು ಎಲ್ರಾಯ್ ಬದಲಿಸಿದನು, ನೀರು ತುಂಬಿ ಒತ್ತಡ ಕೊಟ್ಟು ಪರೀಕ್ಷಿಸಿದನು, ತೇರ್ಗಡೆಯಾಗದ್ದನ್ನು ಬದಿಗೆ ಉರುಳಿಸಿದನು. ಬ್ರೂವರಿಯ ಅಂಗಳ ಮತ್ತೆ ಉಕ್ಕಿನ ಬಣ್ಣಕ್ಕೆ ತಿರುಗಿತು. ಕೂಟದವರು ತಮ್ಮ ಕೆಲಸ ಮುಗಿಯಿತೆಂದುಕೊಂಡರು. ಲವರ್ನ್ ತನ್ನ ಹಂಡೆಗೆ ಮಣಿ ಮರಳಿ ಇಡೆಂದು ಕೇಳಿದಳು. ಆಗ ತಡೆದವನು ಎಲ್ರಾಯ್ ಅಲ್ಲ, ಗಿಲ್. ಇದನ್ನು ಗಿಲ್ ನನಗೆ ಹೇಳಲಿಲ್ಲ, ಉಳಿದಿಬ್ಬರು ಹೇಳಿದರು.

"ಒಂದು ನಿಮಿಷ," ಎಂದನಂತೆ ಗಿಲ್, ತಲೆ ಕೆರೆದುಕೊಳ್ಳುತ್ತ. "ಹೂಕುಂಡದ ಕೆಳಗಿದ್ದದ್ದೂ ಟ್ರೂಡಿದೇ ತಾನೆ? ದೋಣಿಕಟ್ಟೆ ಕೆಳಗಿದ್ದದ್ದೂ ಅವಳದೇ. ಅವಳದನ್ನೇ ಹುಡುಕಿ ಅವಳ ಕೈಗಿಟ್ವಿ. ಕತ್ತರಿಸಿದ್ದಕ್ಕೆ ಬದ್ಲಾಗಿ ಏನು ಕೊಟ್ವಿ?"

"ಏನೂ ಕೊಟ್ಟಿಲ್ಲ," ಎಂದನು ಎಲ್ರಾಯ್. "ನಾನೂ ಅದನ್ನೇ ಯೋಚಿಸ್ತಿದ್ದೆ."

"ನಿನ್ನ ಬಾಯಿಗೆ ಬೆಸುಗೆ ಹಾಕ್ಸ್ಬೇಕು ಕಣೋ," ಎಂದಳು ಲವರ್ನ್ ಗಿಲ್‌ಗೆ. ಆದರೆ ಮಣಿಯ ಮಾತನ್ನು ಮತ್ತೆ ಎತ್ತಲಿಲ್ಲ.

ಈ ಸುದ್ದಿ ಟ್ರೂಡಿಯ ಕಿವಿಗೆ ಬಿತ್ತು. ಅವಳು ಗ್ಯಾರೇಜಿಗೆ ಬಂದು ಬಾಗಿಲಲ್ಲೇ ನಿಂತು ಹೇಳಿದಳು: "ಸಾಕು ಡೆಗ್ನರ್ ಅವ್ರೇ. ಅಮ್ಮನ್ನ ಕೇಳಿದ್ದೀನಿ. ಕತ್ತರಿಸಿದ್ದೆಲ್ಲ ಇಟ್ಕೊಂಡವ್ರದೇ ಅಂತ ನಾವಿಬ್ರೂ ಹೇಳ್ತಿದ್ದೀವಿ. ನಿಮಗೆ ಒಡೆಯರ ಮಾತು ಬೇಕಿತ್ತಲ್ಲ, ತಗೊಳ್ಳಿ."

"ನಿಮ್ಮ ದೊಡ್ಡ ಮನಸ್ಸು, ಮಗಳೇ. ತಲೆ ಬಾಗಿ ತಗೋತೀನಿ. ಆದ್ರೆ ಕತ್ತರಿಸೋ ಮೊದ್ಲು ಕೊಟ್ಟ ಮಾತು ಅಪ್ಪಣೆ, ಆಮೇಲೆ ಕೊಟ್ಟಿದ್ದು ಕ್ಷಮೆ. ಕ್ಷಮೇನ ಅಪ್ಪಣೆ ಅಂತ ಹೇಳ್ಕೊಂಡು ತಿರುಗೋಕಾಗಲ್ಲ. ಅಂಗಡಿಗಳಿಗೆಲ್ಲ ಸಾಲೋಷ್ಟು ಪೀಪಾಯಿ ಆಯ್ತಾ ನಿನಗೆ?"

ಟ್ರೂಡಿ ಸುಳ್ಳು ಹೇಳಬಹುದಿತ್ತು. ಹೇಳಬೇಕೆಂದೇ ಬಂದಿದ್ದಳಂತೆ. "ಇಲ್ಲ," ಎಂದಳು. "ದಕ್ಷಿಣದ ಕಡೆಯ ಅಂಗಡಿಗಳಿಗೆ ಸಾಲಲ್ಲ."

"ಹಾಗಾದ್ರೆ ಕ್ಷಮೆಯೊಳಗೆ ಬಿಯರು ತುಂಬೋಕೆ ಬರಲ್ಲ. ಪೀಪಾಯಿ ಬೇಕು."

ಉತ್ತರಕ್ಕೆ, ಕೊಲ್ಲಿಯ ತುದಿಯಲ್ಲಿ, ಇನ್ನೊಂದು ಬ್ರೂವರಿ ತನ್ನ ಕೊಳವೆಗಳನ್ನೆಲ್ಲ ಹೊಸದಾಗಿ ಹಾಕಿಸುತ್ತಿತ್ತು. ಒಳಮೈ ಕಪ್ಪಾಗದಂತೆ ಉಕ್ಕಿನ ಕೊಳವೆ ಬೆಸೆಯುವವರು ಆ ಕಡೆ ಸುಲಭವಾಗಿ ಸಿಗುವುದಿಲ್ಲ. ಎಲ್ರಾಯ್ ಹೋಗಿ ಒಡೆಯನನ್ನೇ ಕಂಡು, ಕೆಲಸ ಮಾಡಿಕೊಡುತ್ತೇನೆ, ಕೂಲಿಯ ಬದಲು ಇಡಿಯಾದ ಪೀಪಾಯಿ ಕೊಡಿ ಎಂದನು. ಒಡೆಯನು ನಕ್ಕನಂತೆ: "ಬೇರೆಯವ್ರು ನಮ್ಮ ಪೀಪಾಯೀನ ಕೇಳ್ದೇ ಹೊತ್ಕೊಂಡು ಹೋಗ್ತಾರೆ. ನೀನು ದುಡಿದು ತಗೋತೀನಿ ಅಂತೀಯಲ್ಲಪ್ಪ, ಯಾವ ಊರು ನಿಂದು?" ಎಲ್ರಾಯ್ ಊರಿನ ಹೆಸರು ಹೇಳಿ ಕೈಗವಸು ಹಾಕಿಕೊಂಡನು.

ಜುಲೈ ತಿಂಗಳಿಡೀ ಅವನು ಬೆಳಗಾದರೆ ಅತ್ತ ಹೋಗಿ ಸಂಜೆಗೆ ಬರುತ್ತಿದ್ದನು. ಬರುವಾಗ ಟ್ರಕ್ಕಿನಲ್ಲಿ ಪೀಪಾಯಿಗಳು. ಪ್ರತಿಯೊಂದರ ಭುಜದಿಂದ ಹಳೆಯ ಹೆಸರನ್ನು ಆ ಒಡೆಯನ ಎದುರೇ ಉಜ್ಜಿ, ಇಲ್ಲಿಗೆ ತಂದು ಕೋರ್ಡೆಸ್ ಎಂದು ಅಚ್ಚೊತ್ತುತ್ತಿದ್ದನು. ಕೂಟದವರು ನೋಡಿಕೊಂಡು ಸುಮ್ಮನಿರಲಿಲ್ಲ. ಹಂಡೆ ಇಟ್ಟುಕೊಂಡವರೆಲ್ಲ ಸರದಿಯಂತೆ ಅವನ ಜೊತೆಗೆ ಹೋಗಿ ಕೊಳವೆ ಹಿಡಿದರು, ನೆಲ ಗುಡಿಸಿದರು. ಅಪ್ಪಣೆ ಕೊಡದಿದ್ದ ಆ ಒಬ್ಬನು (ಅಥವಾ ಇಬ್ಬರು) ಕೂಡ ಕೊನೆಯ ವಾರದಲ್ಲಿ ಬಂದು ನಿಂತದ್ದುಂಟು. ಅವರ ಕೈಗೂ ಒಂದು ಪೊರಕೆ ಸಿಕ್ಕಿತು. ಲವರ್ನ್‌ಗೆ ಬೇಸಿಗೆ ರಜೆ. ಟ್ರಕ್ಕು ಅವಳೇ ಓಡಿಸಿದಳು. "ಬಸ್ಸಿನ ಮಕ್ಕಳಿಗಿಂತ ಇವ್ರೇ ಹೆಚ್ಚು ಗಲಾಟೆ" ಎಂದು ಇಂದಿಗೂ ದೂರುತ್ತಾಳೆ.

ಬಂದರು ಹಬ್ಬದ ವಾರ ಕೋರ್ಡೆಸ್ ಲಾರಿ ದಡದುದ್ದಕ್ಕೂ ಹೋಯಿತು, ದಕ್ಷಿಣದ ಕೊನೆಯ ಅಂಗಡಿಯವರೆಗೂ. ಕೊಟ್ಟ ಮಾತಿನಂತೆ ಅಲ್ಲೆಲ್ಲ ಒಂದೊಂದು ನಲ್ಲಿ ತೆರೆಯಿತು. ಹಬ್ಬದ ಮಧ್ಯಾಹ್ನ, ಬ್ರೂವರಿಯ ಅಂಗಳದಲ್ಲಿ ಬ್ರಾಟ್ ಸಾಸೇಜು ಸುಡುವ ಹೊಗೆಯ ನಡುವೆ, ಟ್ರೂಡಿ ಬೆಂಚಿನ ಮೇಲೆ ಹತ್ತಿ ನಿಂತಳು. ಕತ್ತರಿಸಿದ ಒಂದೊಂದು ಪೀಪಾಯಿಗೂ ಇಡಿಯಾದ ಒಂದು ಬಂದಿದೆಯೆಂದೂ, ಇನ್ನು ಮುಂದೆ ಆ ಹಂಡೆಗಳು ಇಟ್ಟುಕೊಂಡವರ ಸ್ವಂತವೆಂದೂ ಹೇಳಿದಳು. "ಡೆಗ್ನರ್ ಅವ್ರೇ, ಇದು ಕ್ಷಮೆ ಅಲ್ಲ. ಇದು ವ್ಯಾಪಾರ. ಈಗ್ಲಾದ್ರೂ ತಗೋತೀರಾ?"

"ತಗೋತೀನಿ," ಎಂದನು ಎಲ್ರಾಯ್. ಅವನಿಗೆ ಕೊಟ್ಟ ಮೊದಲ ಲೋಟ ಬಿಯರನ್ನು ಬೆಳಕಿಗೆ ಹಿಡಿದು ನೋಡಿ ಒಂದೇ ಉಸಿರಿಗೆ ಕುಡಿದನು. ಅದರ ರುಚಿ ಮುದುಕ ಕೋರ್ಡೆಸ್ಸನ ಬಿಯರಿಗಿಂತ ಚೆನ್ನಾಗಿತ್ತೆಂದು ಅವನು ಹೇಳಿದನೆಂಬುದು ಟ್ರೂಡಿಯ ಪಾಠ. "ಸ್ವಲ್ಪ ಕಹಿ ಕಮ್ಮಿ" ಎಂದನೆಂಬುದು ಗಿಲ್‌ನ ಪಾಠ. ಎರಡನೆಯದು ಅವನ ಸ್ವಭಾವಕ್ಕೆ ಹೆಚ್ಚು ಹೊಂದುತ್ತದೆ.

ಆ ಬಳಿಕ ಅವನು ಗ್ರೈಂಡರ್ ಒಯ್ದಂತೆಯೇ ಬೆಸುಗೆಯ ಯಂತ್ರವನ್ನೂ ಮನೆ ಮನೆಗೆ ಒಯ್ದು ಮಣಿಗಳನ್ನು ಮತ್ತೆ ಇಟ್ಟನು. ನಾನು ನೋಡಿದ ಕೋರ್ಡೆಸ್ ಹಂಡೆಗಳಲ್ಲೆಲ್ಲ ಮೂರು ಮಣಿಗಳಿವೆ, ಲವರ್ನಳ ಹಂಡೆಯೊಂದನ್ನು ಬಿಟ್ಟು. ಅವಳ ಹಿತ್ತಲಿನಲ್ಲಿ, ಒಲೆ 'ಭರ್' ಎಂದು ಉರಿಯುತ್ತಿದ್ದಾಗ, ಏಕೆಂದು ಕೇಳಿದೆ.

"ಬಂದಿದ್ದ. ನಾನೇ ಬೇಡ ಅಂದೆ," ಎಂದಳು ಉದ್ದನೆಯ ಸೌಟಿನಿಂದ ಕಷಾಯ ತಿರುವುತ್ತ. "ಮಣಿ ಇದ್ರೆ ಜನ ಬೆರಳಾಡಿಸಿ ತಲೆ ಅಲ್ಲಾಡಿಸಿ ಹೋಗ್ತಾರೆ, ಯಾರೂ ಏನೂ ಕೇಳಲ್ಲ. ಬೋಳಿದ್ರೆ ಎಲ್ರೂ ಕೇಳ್ತಾರೆ, ಈಗ ನೀವು ಕೇಳಿದ ಹಾಗೆ. ಕೇಳಿದವ್ರಿಗೆ ಎಲ್ರಾಯ್ ಎಂಥ ಮನುಷ್ಯ ಅಂತ ಹೇಳ್ತೀನಿ. ಅವನಂತೂ ಬಾಯಿ ಬಿಡಲ್ಲ, ಗಿಲ್ ಹೇಳಿದ್ರೆ ಕೋರ್ಟಿನ ಥರ ಇರುತ್ತೆ. ಮತ್ಯಾರು ಹೇಳ್ಬೇಕು... ಅಯ್ಯೋ, ಉಕ್ತು! ಆ ಗ್ಯಾಸಿನ ನಲ್ಲಿ ತಿರುಗ್ಸಿ, ಬೇಗ, ಬಲಕ್ಕೆ!"